550 ವ್ಯಾಟ್ ಸಾಕು ಅಂತ ನಾನು ಲೆಕ್ಕ ಹಾಕಿದ್ದು ಹೀಗೆ

ಗೇಮಿಂಗ್ ಪಿಸಿಗೆ ಪಾರ್ಟ್ಸ್ ಪಟ್ಟಿ ಬರೆಯುವಾಗ ನಾನು ಗ್ರಾಫಿಕ್ಸ್ ಕಾರ್ಡ್ ಆದ ಕೂಡಲೇ ಎರಡನೇ ಸಾಲಿನಲ್ಲಿ ಎಸ್‌ಎಂಪಿಎಸ್ ಬರೆದೆ, ಅಂದರೆ ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪವರ್ ಸಪ್ಲೈ. ಸಾಮಾನ್ಯವಾಗಿ ಅದಕ್ಕೆ ಕೊನೆಯ ಜಾಗ. ಎಲ್ಲ ತಗೊಂಡ ಮೇಲೆ ಉಳಿದ ದುಡ್ಡಿಗೆ ಯಾವುದು ಬರುತ್ತೋ ಅದು. ಕೈ ಬಿಗಿ ಇದ್ದಾಗಂತೂ ಮೊದಲು ಕತ್ತರಿ ಬೀಳುವುದು ಅದರ ಮೇಲೇ. ನನ್ನ ಪ್ರಕಾರ ಕೈ ಬಿಗಿ ಇರುವವರಿಗೇ ಅದು ಚೆನ್ನಾಗಿರಬೇಕು. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಕೆಲವು ಸಲ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅವನ್ನು ಮತ್ತೆ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇರಲ್ಲ, ಅಲ್ವಾ?

ಮೊದಲು ಎಷ್ಟು ವ್ಯಾಟ್ ಬೇಕು ಅಂತ ಕೂತು ಕೂಡಿಸಿದೆ. ಪ್ರೊಸೆಸರ್ ಇಂಟೆಲ್ ಐ5-12400ಎಫ್. ಇದಕ್ಕೆ 65 ವ್ಯಾಟ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಮಾಮೂಲಿ ವೇಗದ ಬೇಸ್ ಪವರ್. ವೇಗ ಏರಿಸಿಕೊಂಡು ಓಡುವ ಟರ್ಬೊದಲ್ಲಿ 117 ವ್ಯಾಟ್‌ವರೆಗೆ ಹೋಗಬಹುದು ಅಂತ ಇಂಟೆಲ್‌ನವರೇ ಕೊಟ್ಟಿದ್ದಾರೆ. ನಾನು ಹಿಡಿದಿದ್ದು ಆ 117. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಅದಕ್ಕೆ 170. ಎರಡೂ ಸೇರಿ 287. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳು, ಕೀಬೋರ್ಡು, ಮೌಸು ಎಲ್ಲಕ್ಕೂ 60 ಅಂತ ಇಟ್ಟೆ. ಒಟ್ಟು 350ರ ಹತ್ತಿರ ಬಂತು. ಮಾನಿಟರ್ ಲೆಕ್ಕಕ್ಕೆ ಬರಲ್ಲ, ಅದು ನೇರವಾಗಿ ಗೋಡೆಯಿಂದ ಕರೆಂಟ್ ತಗೊಳ್ಳುತ್ತದೆ.

350 ಬೇಕು ಅಂದರೆ 400 ವ್ಯಾಟಿನದು ಸಾಲದಾ ಅಂತ ಅನ್ನಿಸುವುದು ಸಹಜ. ಇಲ್ಲಿ ಒಂದು ವಿಷಯ ಗಮನಿಸಬೇಕು. ಕಾರ್ಡು 170 ವ್ಯಾಟ್ ಅನ್ನುವುದು ಸರಾಸರಿ. ಆಟ ಆಡುವಾಗ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಅದು ಇದಕ್ಕಿಂತ ತುಂಬಾ ಜಾಸ್ತಿ ಎಳೆದು ಮತ್ತೆ ಕೆಳಗಿಳಿಯುತ್ತದೆ. ಆ ಎಳೆತ ತಡೆಯದ ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಆಟದ ಮಧ್ಯೆ ಪಿಸಿ ದಿಢೀರ್ ಅಂತ ಸತ್ತಂತೆ ಆಗುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಅನ್ನುವ ಎಸ್‌ಎಂಪಿಎಸ್ ಮಾನದಂಡದಲ್ಲಿ ಇದಕ್ಕೇ ಒಂದು ನಿಯಮ ಸೇರಿಸಿದರು. 450 ವ್ಯಾಟ್ ಮೀರಿದ, ಹೊಸ 16 ಪಿನ್ ಕನೆಕ್ಟರ್ ಇರುವ ಎಸ್‌ಎಂಪಿಎಸ್‌ಗಳು ತಮ್ಮ ರೇಟಿಂಗಿನ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕು. 3060 ಅಷ್ಟೇನೂ ಹಸಿದ ಕಾರ್ಡ್ ಅಲ್ಲ, ಆದರೂ ಲೆಕ್ಕಕ್ಕೆ ಅರ್ಧದಷ್ಟು ಸೇರಿಸಿದೆ. 525 ಆಯಿತು, ಅಂದರೆ 550ರ ಎಸ್‌ಎಂಪಿಎಸ್. ಎನ್‌ವಿಡಿಯಾ ಈ ಕಾರ್ಡಿಗೆ ಹೇಳುವುದೂ 550 ವ್ಯಾಟೇ. 750 ತಗೋ ಅಂದವರೂ ಇದ್ದರು. ಆ ದುಡ್ಡನ್ನು ಇನ್ನೂ ಒಳ್ಳೆಯ 550ಕ್ಕೆ ಹಾಕುವುದು ನನಗೆ ಸರಿ ಅನ್ನಿಸಿತು.

ನಿಜವಾದ ಕೆಲಸ ಶುರುವಾಗಿದ್ದು ಸ್ಟಿಕರ್ ಓದುವಾಗ. ನನ್ನ ಮುಂದೆ ಎರಡು ಇದ್ದವು. ಅಗ್ಗದ್ದರ ಡಬ್ಬದ ಮೇಲೆ ದೊಡ್ಡದಾಗಿ 600 ವ್ಯಾಟ್. ಡಬ್ಬ ತಿರುಗಿಸಿ ಸಣ್ಣ ಅಕ್ಷರದ ಪಟ್ಟಿ ನೋಡಿದೆ. 12 ವೋಲ್ಟ್ ಅಂತ ಬರೆದ ಕಂಬದ ಕೆಳಗೆ 30 ಆಂಪ್ಸ್. 12ನ್ನು 30ರಿಂದ ಗುಣಿಸಿದರೆ 360 ವ್ಯಾಟ್, ಅಷ್ಟೇ. ಮಿಕ್ಕಿದ್ದೆಲ್ಲ 5 ವೋಲ್ಟ್, 3.3 ವೋಲ್ಟ್ ಲೈನಿನಲ್ಲಿ. ಈಗಿನ ಪ್ರೊಸೆಸರ್, ಕಾರ್ಡು ಎರಡೂ ಹೆಚ್ಚುಕಮ್ಮಿ ಪೂರ್ತಿ 12 ವೋಲ್ಟ್ ಮೇಲೆ ಬದುಕುವಂಥವು. ಆ ಉಳಿದ ವ್ಯಾಟ್ ನನಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಇನ್ನೊಂದು 550ರದ್ದು. ಅದರಲ್ಲಿ 12 ವೋಲ್ಟಿಗೆ 45 ಆಂಪ್ಸ್, ಅಂದರೆ 540 ವ್ಯಾಟ್. 600 ಅಂತ ಬರೆದುಕೊಂಡಿದ್ದಕ್ಕಿಂತ ಈ 550ರದ್ದೇ ನನ್ನ ಕೆಲಸಕ್ಕೆ 180 ವ್ಯಾಟ್ ಜಾಸ್ತಿ ಕೊಡುತ್ತದೆ! ಅಗ್ಗದ್ದರ ಹಿಂದೆ 115/230 ಅಂತ ಒಂದು ಚಿಕ್ಕ ಕೆಂಪು ಸ್ವಿಚ್ ಕೂಡ ಇತ್ತು. ಈ ಸ್ವಿಚ್ ಕಂಡರೆ ಒಳಗೆ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಸರಿಯಾದ ಲಯದಲ್ಲಿ ಎಳೆಯುವ ಸರ್ಕ್ಯೂಟ್) ಇಲ್ಲದ ಹಳೇ ಕಾಲದ ಡಿಸೈನ್ ಅಂತ ತಿಳಿಯಿರಿ. ಅದನ್ನು ಅಲ್ಲೇ ಕೆಳಗಿಟ್ಟೆ.

80 ಪ್ಲಸ್ ಬ್ರಾಂಜೋ ಗೋಲ್ಡೋ ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಹೇಳುವುದು ಎಷ್ಟು ಕರೆಂಟ್ ಶಾಖವಾಗಿ ಹೋಗದೆ ಉಳಿಯುತ್ತದೆ ಅನ್ನುವುದನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ 85 ಶೇಕಡಾ ಇರಬೇಕು, ಗೋಲ್ಡ್ 90. 300 ವ್ಯಾಟ್ ಬೇಕಾದಾಗ ಬ್ರಾಂಜ್ ಗೋಡೆಯಿಂದ ಸುಮಾರು 353 ಎಳೆದರೆ ಗೋಲ್ಡ್ 333. ಸಂಜೆ ಹೊತ್ತು ಸ್ವಲ್ಪ ಆಡುವವನಿಗೆ ಆ 20 ವ್ಯಾಟ್ ಉಳಿತಾಯದಿಂದ ಗೋಲ್ಡಿನ ಹೆಚ್ಚುವರಿ ದುಡ್ಡು ಹುಟ್ಟುವುದು ಯಾವಾಗ? ದಿನಪೂರ್ತಿ ಪಿಸಿ ಓಡಿಸುವವರ ಲೆಕ್ಕ ಬೇರೆ. ಏನೂ ಮಾರ್ಕ್ ಇಲ್ಲದ್ದನ್ನು ಮಾತ್ರ ಮುಟ್ಟಬೇಡಿ.

ನಾನು ಹಟ ಹಿಡಿದಿದ್ದು ಪ್ರೊಟೆಕ್ಷನ್ ವಿಷಯದಲ್ಲಿ. ವೋಲ್ಟೇಜ್ ಏರಿದರೆ, ಶಾರ್ಟ್ ಆದರೆ, ಲೋಡ್ ಮೀರಿದರೆ ತಾನಾಗಿ ನಿಲ್ಲಬೇಕು. ಬಿಸಿ ಮೀರಿದರೂ ನಿಲ್ಲಬೇಕು. ಅಗ್ಗದ ಮಾಡೆಲ್‌ಗಳಲ್ಲಿ ಈ ಕೊನೆಯದನ್ನೇ ಹಲವು ಸಲ ಕೈಬಿಟ್ಟಿರುತ್ತಾರೆ. ಫ್ಯಾನು ನಿಂತುಹೋದ ದಿನ ಕಾಪಾಡುವುದು ಅದೇ. ಎಸ್‌ಎಂಪಿಎಸ್ ಬಿಚ್ಚಿ, ಲೋಡ್ ಹಾಕಿ ಅಳೆದು ತೋರಿಸುವ ರಿವ್ಯೂ ಹುಡುಕಿ ಓದಿದೆ. ಅದರಲ್ಲಿ ರಿಪಲ್ ನೋಡಿ, ಅಂದರೆ ಹೊರಬರುವ ವೋಲ್ಟೇಜಿನಲ್ಲಿ ಉಳಿದಿರುವ ಸಣ್ಣ ಏರಿಳಿತ. 12 ವೋಲ್ಟ್ ಲೈನಿಗೆ 120 ಮಿಲಿವೋಲ್ಟ್ ಮಿತಿ, ಒಳ್ಳೆಯದರಲ್ಲಿ ಅದರ ಅರ್ಧಕ್ಕಿಂತ ಕೆಳಗಿರುತ್ತದೆ. ಬ್ರ್ಯಾಂಡ್ ಹೆಸರು ನೋಡಿ ಸುಮ್ನೆ ತಗೊಳ್ಳಬೇಡಿ. ಒಂದೇ ಬ್ರ್ಯಾಂಡಿನ ಎರಡು ಸೀರೀಸ್‌ಗೆ ಒಳಗಡೆ ಕೆಲವು ಸಲ ಸಂಬಂಧವೇ ಇರುವುದಿಲ್ಲ.

ಬೇಡದ ವೈರುಗಳನ್ನು ಕಿತ್ತಿಡಬಹುದಾದ ಮಾಡ್ಯುಲರ್ ಬೇಡ ಅಂದೆ. ವೈರುಗಳನ್ನು ಬೋರ್ಡಿನ ಹಿಂದೆ ಕಟ್ಟಿದರಾಯಿತು, ಆ ದುಡ್ಡು ಉಳಿಯಿತು. ಸೆಕೆಂಡ್ ಹ್ಯಾಂಡ್ ಕೂಡ ಬೇಡ, ಎಷ್ಟು ವರ್ಷ ಎಷ್ಟು ಬಿಸಿಯಲ್ಲಿ ಬೆಂದಿದೆಯೋ ಗೊತ್ತಾಗಲ್ಲ. ಕನೆಕ್ಟರ್ ಮಾತ್ರ ಎಣಿಸಿಯೇ ತಗೊಂಡೆ. ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ಕೊಡುತ್ತದೆ, 8 ಪಿನ್ ಕನೆಕ್ಟರ್ 150. ನನ್ನ ಕಾರ್ಡಿಗೆ ಒಂದು 8 ಪಿನ್ ಸಾಕು. ಕನೆಕ್ಟರ್ ಇಲ್ಲ ಅಂತ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾದಿಂದ 8 ಪಿನ್ ಮಾಡುವ ಅಡಾಪ್ಟರ್ ಹಾಕಲೇಬೇಡಿ. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್. ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು.

ಜೋಡಿಸಿದ ಮೇಲೆ ಪ್ರೊಸೆಸರ್, ಕಾರ್ಡು ಎರಡಕ್ಕೂ ಒಟ್ಟಿಗೆ ಸ್ಟ್ರೆಸ್ ಟೆಸ್ಟ್ ಹಾಕಿ ಖಾಲಿ ಇದ್ದ ಮೋಲೆಕ್ಸ್ ಅನ್ನುವ 4 ಪಿನ್ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದೆ. ಕೆಂಪು ಪ್ರೋಬ್ 12 ವೋಲ್ಟಿನ ಹಳದಿ ವೈರಿಗೆ, ಕಪ್ಪು ಪ್ರೋಬ್ ಕಪ್ಪು ವೈರಿಗೆ. ಸುಮ್ನೆ ಇದ್ದಾಗ 12.08 ಇದ್ದದ್ದು ಪೂರ್ತಿ ಲೋಡಿನಲ್ಲಿ 11.98ಕ್ಕೆ ಬಂದು ನಿಂತಿತು. 11.4ರಿಂದ 12.6ರವರೆಗೆ ಮಿತಿಯೊಳಗೇ ಲೆಕ್ಕ. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜನ್ನು ಇದಕ್ಕೆ ನಂಬಬೇಡಿ, ಮೀಟರೇ ಸರಿ.

ಮುಂದೆ ಕಾರ್ಡ್ ಬದಲಿಸಿದರೂ ಈ ಎಸ್‌ಎಂಪಿಎಸ್ ಇರುತ್ತದೆ. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್ ಮಾತ್ರ, ಈಗಿನದ್ದಕ್ಕಿಂತ ಕಡಿಮೆ. 4070 ಹಾಕಿದರೆ 200 ಆಗುತ್ತದೆ. ನನ್ನ ಲೆಕ್ಕದಲ್ಲಿ ಒಟ್ಟು 380 ಆದರೂ ಎನ್‌ವಿಡಿಯಾ ಅದಕ್ಕೆ 650 ಕೇಳುತ್ತದೆ. ಅಲ್ಲಿಗೆ ಹೋಗುವ ಯೋಚನೆ ಇದ್ದವರು ಮೊದಲೇ ಒಳ್ಳೆಯ 650 ತಗೊಳ್ಳುವುದು ವಾಸಿ.