ನಾಯಿಯ ಚಿತ್ರವನ್ನು ನಂಬಿ ಕೆಟ್ಟೆ

ಸೋದರಮಾವನ ಮನೆಯ ಅಟ್ಟದಿಂದ ಇಳಿಸಿದ ಎಚ್‌.ಎಂ.ವಿ. 102 ಗ್ರಾಮಫೋನ್ ಪೆಟ್ಟಿಗೆಗೆ ಕೀಲಿ ಕೊಟ್ಟಾಗ ತಟ್ಟೆಯೇನೋ ಸಲೀಸಾಗಿ ತಿರುಗಿತು, ದನಿ ಮಾತ್ರ ನೆಗಡಿ ಹಿಡಿದವರದು. ಕಾಯಿಲೆ ಇದ್ದದ್ದು ಸೌಂಡ್ ಬಾಕ್ಸಿಗೆ, ಅಂದರೆ ತೋಳಿನ ತುದಿಯಲ್ಲಿ ಕೂತು ಪಿನ್ನಿನ ಅದಿರಾಟವನ್ನು ದನಿಯಾಗಿಸುವ ದುಂಡು ಡಬ್ಬಿಗೆ. '5ಬಿ' ಎಂಬ ಗುರುತಿನ ಅದರ ಬೆನ್ನು ಸತುವಿನ ಮಿಶ್ರಲೋಹದ್ದು. ಆ ಲೋಹ ಎಷ್ಟೋ ವರ್ಷಗಳ ಮೇಲೆ ತಾನಾಗಿಯೇ ಉಬ್ಬಿ ಬಿರಿಯುವುದುಂಟು. ಬಿರಿದ ಮೇಲೆ ಯಾವ ಅಂಟೂ ಅದನ್ನು ಉಳಿಸದು.

ಬೇರೊಂದನ್ನು ಹುಡುಕುತ್ತ ಭಾನುವಾರದ ಹಳೆಸಾಮಾನಿನ ಸಂತೆಗೆ ಹೋದೆ. "ನಾಯಿ ನೋಡಿ ಸಾರ್, ಅಸಲಿ ಮಾಲು" ಎಂದು ಎಚ್‌.ಎಂ.ವಿ.ಯ ನಾಯಿ ಗುರುತನ್ನು ತೋರಿಸಿದವನ ಮಾತಿಗೆ ಮರುಳಾಗಿ, 'ಎಕ್ಸಿಬಿಷನ್' ಎಂಬ ಹಳೆಯ ಮಾದರಿಯ ಹೆಸರು ಕೊರೆದಿದ್ದ ಫಳಫಳ ಬಾಕ್ಸೊಂದನ್ನು ತಂದೆ. ಅದು ನನ್ನ ಪೆಟ್ಟಿಗೆಯ ತೋಳಿಗೆ ಕೂರಲೂ ಇಲ್ಲ. ತೋಳಿನ ಬಾಯಿಯ ಅಳತೆ ತೆಗೆದುಕೊಳ್ಳದೆ ಹೋದದ್ದು ನನ್ನದೇ ದಡ್ಡತನ. ಅದು ನಕಲಿ ಎಂಬುದು ಗೊತ್ತಾದದ್ದು ಮರುವರ್ಷ, ಹಳೆಯ ಕೊಂಬಿನ ಯಂತ್ರವೊಂದರ ಜೊತೆ ನಿಜವಾದ ಎಕ್ಸಿಬಿಷನ್ ಕೈಸೇರಿದಾಗ.

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅಸಲಿಯ ಅಕ್ಷರಗಳ ಅಂಚು ಚೂಪು, ನಕಲಿಯವು ಸವೆದ ಸಾಬೂನಿನ ಮೇಲಿನ ಹೆಸರಿನಂತೆ. ಅಸಲಿಯ ಸ್ಕ್ರೂ ತಲೆಗೆ ಒಂದೇ ಗೀರು, ನಕಲಿಯದಕ್ಕೆ ಕೂಡುವ ಚಿಹ್ನೆಯಂಥ (+) ಗೀರು. ಇದೊಂದೇ ಸಾಕಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ಅದಿರಿ ದನಿ ಹೊರಡಿಸುವ ಮುಖದ ಬಿಲ್ಲೆ. ಅಸಲಿಯಲ್ಲಿ ಅದು ಅಭ್ರಕ, ನಮ್ಮ ಕಡೆ ಕಾಗೆಬಂಗಾರ ಎನ್ನುವುದು. ಬೆಳಕಿಗೆ ಹಿಡಿದರೆ ಪದರಗಳು ಕಾಣುತ್ತವೆ. ಎಲ್ಲಾದರೂ ಕಾಮನಬಿಲ್ಲಿನಂಥ ಬಳೆಗಳು ಕಂಡರೆ ಅಲ್ಲಿ ಪದರ ಬಿಟ್ಟಿದೆ ಎಂದರ್ಥ. ನಕಲಿಯಲ್ಲಿದ್ದದ್ದು ಬರೀ ಪ್ಲಾಸ್ಟಿಕ್ ಹಾಳೆ.

ಅಸಲಿಯೂ ಹಾಡಿದ್ದು ಕರ್ಕಶವಾಗಿಯೇ. ಅಭ್ರಕದ ಬಿಲ್ಲೆಯನ್ನು ಎರಡೂ ಬದಿಯಿಂದ ಹಿಡಿದಿರುವ ರಬ್ಬರ್ ಬಳೆಗಳು ಒಣಗಿ ಕಡ್ಡಿಯಾಗಿದ್ದವು. ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ ತಂದು, ತುದಿಗೆ ತುದಿ ಮುಟ್ಟುವಂತೆ ಕತ್ತರಿಸಿ ಕೂರಿಸಿದೆ. ತುದಿಗಳು ಒಂದರ ಮೇಲೊಂದು ಹತ್ತಿದರೆ ಬಿಲ್ಲೆ ಒಂದು ಕಡೆ ಎತ್ತಿ ಗೊರಗೊರ ಎನ್ನುತ್ತದೆ.

ನಿಜವಾದ ಸೂಕ್ಷ್ಮ ಇರುವುದು ಪಿನ್ನು ಹಿಡಿಯುವ ಕಡ್ಡಿಯಲ್ಲಿ. ಅದರ ಮೇಲ್ತುದಿ ಅಭ್ರಕದ ನಟ್ಟನಡುವೆ ಪುಟ್ಟ ಸ್ಕ್ರೂನಿಂದ ಸೇರುತ್ತದೆ, ಬುಡವನ್ನು ಎರಡು ಸ್ಪ್ರಿಂಗುಗಳು ಹಿಡಿದಿರುತ್ತವೆ. ನಾನು ಮೊದಲು ನಡುವಿನ ಸ್ಕ್ರೂ ಬಿಗಿದು ಆಮೇಲೆ ಸ್ಪ್ರಿಂಗಿನ ಸ್ಕ್ರೂ ತಿರುಗಿಸಿದೆ. ಬಿಲ್ಲೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತು. ಕ್ರಮ ತಿರುಗಾಮುರುಗಾ ಆಗಿತ್ತು. ನಡುವಿನ ಸ್ಕ್ರೂ ತೆಗೆದಿಟ್ಟು, ಎರಡು ಸ್ಪ್ರಿಂಗುಗಳ ಸ್ಕ್ರೂಗಳನ್ನೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಕಡ್ಡಿಯ ತುದಿ ಅಭ್ರಕವನ್ನು ತಳ್ಳದೆ, ಎಳೆಯದೆ, ಸುಮ್ಮನೆ ಸೋಕಿ ನಿಲ್ಲುವಂತೆ ಮಾಡಬೇಕು. ಆಮೇಲೆ ಸ್ಕ್ರೂ, ಅದರ ಸುತ್ತ ಗಾಳಿ ನುಸುಳದಂತೆ ಒಂದು ಹನಿ ಕಾಯಿಸಿದ ಜೇನುಮೇಣ. ನನಗೆ ಇದಕ್ಕೆ ಒಂದಿಡೀ ಸಂಜೆ ಹಿಡಿಯಿತು. ಪಿನ್ನಿನ ಮೊನೆಯನ್ನು ಬೆರಳಿನಿಂದ ತಟ್ಟಿದಾಗ ಪುಟ್ಟ ತಮಟೆಯಂತೆ 'ಟಕ್' ಎಂದಿತು. ಹರಕು ಸದ್ದು ಬಂದಿದ್ದರೆ ಮತ್ತೆ ಮೊದಲಿನಿಂದ ಶುರು.

ಯಾವ ಬಾಕ್ಸಿಗೆ ಯಾವ ರೆಕಾರ್ಡು ಎಂಬುದನ್ನೂ ಕಿವಿಯೇ ಕಲಿಸಿತು. ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಮೈಕಿನ ಮುಂದಲ್ಲ, ಕೊಂಬಿನೊಳಕ್ಕೆ. ಅಂಥ ರೆಕಾರ್ಡುಗಳಿಗೆ ಅಭ್ರಕವೇ ಹಿತ. 1925ರಿಂದ ವಿದ್ಯುತ್ ಧ್ವನಿಮುದ್ರಣ ಬಂತು. ಆ ಬಗೆಯ ಜೋರು ರೆಕಾರ್ಡುಗಳನ್ನು ಎಕ್ಸಿಬಿಷನ್ನಿಗೆ ಹಾಕಿದರೆ ಅದು ಅರಚುತ್ತದೆ. ಅವಕ್ಕೆ ಅಲ್ಯೂಮಿನಿಯಂ ಬಿಲ್ಲೆಯ 5ಬಿ ಸರಿ. ಉಕ್ಕಿನ ಪಿನ್ನಾದರೆ ಒಂದು ಮಗ್ಗುಲಿಗೆ ಒಂದು, ಅಷ್ಟೇ. ಅರಗಿನ ರೆಕಾರ್ಡು ಪಿನ್ನನ್ನು ತನ್ನ ಗೀರಿಗೆ ತಕ್ಕಂತೆ ಸವೆಸಿಕೊಳ್ಳುತ್ತದೆ. ಸವೆದ ಪಿನ್ನು ಮುಂದಿನ ರೆಕಾರ್ಡನ್ನು ಕೆತ್ತುವ ಉಳಿಯಂತೆ. ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌.ಪಿ. ರೆಕಾರ್ಡುಗಳನ್ನಂತೂ ಇದರ ಹತ್ತಿರವೂ ಸುಳಿಯಗೊಡಬೇಡಿ.

ಮಾವನ ಪೆಟ್ಟಿಗೆಗೆ ಕೊನೆಗೂ ಬಿರುಕಿಲ್ಲದ 5ಬಿ ಸಿಕ್ಕಿತು. ಅದನ್ನು ನಾನು ಬಿಚ್ಚಿಲ್ಲ. ಹಳೆಯದನ್ನು ಬಿಚ್ಚಿದಾಗ ಕಡ್ಡಿಯ ಬುಡದ ಬೇರಿಂಗ್ ಗುಂಡುಗಳು, ಸಾಸಿವೆಗಿಂತ ಸಣ್ಣವು, ಮಂಚದಡಿಗೆ ಉರುಳಿದ್ದವು. ಎರಡು ಇನ್ನೂ ಸಿಕ್ಕಿಲ್ಲ.