ಬಳ್ಳಾರಿ ಬಿಸಿಲಲ್ಲೂ ಒಣಗದ ವೆಟ್ ಪ್ಯಾಲೆಟ್: ನನ್ನ ಅನುಭವ

"ಬಳ್ಳಾರಿ ಬಿಸಿಲಿಗೆ ಮನೇಲಿ ಮಾಡಿದ್ದು ನಿಲ್ಲಲ್ಲ ಗುರು, ಸುಮ್ನೆ ಒಂದು ಕೊಂಡ್ಕೋ" ಅಂತ ಮಿನಿಯೇಚರ್‌ಗಳಿಗೆ, ಅಂದರೆ ಪುಟಾಣಿ ಸೈನಿಕರಂಥ ಗೊಂಬೆಗಳಿಗೆ, ಬಣ್ಣ ಹಚ್ಚುವ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು. ವೆಟ್ ಪ್ಯಾಲೆಟ್ ಅಂದರೆ ಮುಚ್ಚಳದ ಡಬ್ಬಿಯೊಳಗೆ ಒದ್ದೆ ಸ್ಪಂಜು, ಅದರ ಮೇಲೆ ನೀರು ಹಾಯುವ ಕಾಗದ; ಆ ಕಾಗದದ ಮೇಲೆ ಬಿಟ್ಟ ಬಣ್ಣ ಬೇಗ ಒಣಗುವುದಿಲ್ಲ. ಈ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ, ತಲೆ ಮೇಲೆ ಫ್ಯಾನ್. ಹಾಗಿದ್ದೂ ಮನೆಯಲ್ಲೇ ಮಾಡಿದ ಪ್ಯಾಲೆಟ್‌ನಲ್ಲಿ ಒಮ್ಮೆ ಬೆರೆಸಿದ ಮೈಬಣ್ಣದಲ್ಲೇ ಇಡೀ ಪಡೆಯ ಮುಖಗಳನ್ನು ಮುಗಿಸಿದೆ. ಮಿಶ್ರಣ ಐದಾರು ದಿನ ಹಸಿಯಾಗಿಯೇ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಪ್ಯಾಲೆಟ್ ನಾನು ವಿಚಾರಿಸಿದಾಗ ಸಾಗಣೆ ಸೇರಿ ₹3,500ರ ಆಸುಪಾಸು ಇತ್ತು. ನನ್ನದಕ್ಕೆ ಬಿದ್ದದ್ದು ₹300ರೊಳಗೆ. ಅದಕ್ಕಿಂತ ದೊಡ್ಡ ಉಳಿತಾಯ ಬಣ್ಣದ್ದು. ವಲ್ಲೆಹೋ ಕಂಪನಿಯ ಅಕ್ರಿಲಿಕ್ ಬಣ್ಣದ ಪುಟ್ಟ ಬಾಟಲಿಗೆ ಮುನ್ನೂರು ಚಿಲ್ಲರೆ ಕೊಟ್ಟು ತಂದು, ಟೈಲ್ಸ್ ತುಂಡಿನ ಮೇಲೆ ಸುರಿದರೆ ಮೂರ್ನಾಲ್ಕು ನಿಮಿಷಕ್ಕೆ ಕೆನೆಗಟ್ಟುತ್ತಿತ್ತು. ಅರ್ಧ ಬಣ್ಣ ಕೆರೆದು ಬಿಸಾಡುವುದೇ ಆಗಿತ್ತು.

ಎಲ್ಲರೂ ಡಬ್ಬಿ ಯಾವುದು ಅಂತ ಕೇಳುತ್ತಾರೆ. ರಬ್ಬರ್ ಪಟ್ಟಿಯಿದ್ದು ನಾಲ್ಕೂ ಕಡೆ ಲಾಕ್ ಆಗುವ, ಅಗಲವಾದ, ಕಡಿಮೆ ಎತ್ತರದ ಯಾವ ಡಬ್ಬಿಯಾದರೂ ಆದೀತು. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ ಮಾತ್ರ ಬೇಡ. ಅದರ ಮುಚ್ಚಳದಲ್ಲಿ ಗಾಳಿಯಾಡಿ ಬೆಳಗಾಗುವಷ್ಟರಲ್ಲಿ ಅಂಚೆಲ್ಲ ಒಣಗುತ್ತದೆ.

ಆಟ ಇರುವುದು ಕಾಗದದಲ್ಲಿ. ನಮ್ಮ ಕಡೆ ಬಟರ್ ಪೇಪರ್ ಅಂತ ಕೇಳಿದರೆ ಅಂಗಡಿಯವರು ಏನನ್ನಾದರೂ ಕೊಡುತ್ತಾರೆ. ಮೇಣ ಹಚ್ಚಿದ ಕಾಗದ ಬಂದರೆ ಕೆಳಗಿನ ನೀರು ಕೆಳಗೇ, ಮೇಲಿನ ಬಣ್ಣ ಟೈಲ್ಸ್ ಮೇಲಿದ್ದಂತೆ ಒಣಗುತ್ತದೆ. ಟ್ರೇಸಿಂಗ್ ಪೇಪರ್ ಸುಕ್ಕುಗಟ್ಟಿ ಗುಳ್ಳೆ ಎದ್ದಿತು. ಅಡುಗೆಮನೆಯ ಟಿಶ್ಯೂ ನೇರವಾಗಿ ಹಾಕಿದರೆ ಎಳೆ ಬಿಟ್ಟು ಬ್ರಶ್‌ಗೆ, ಅಲ್ಲಿಂದ ಮಿನಿಯ ಮುಖಕ್ಕೆ ಅಂಟುತ್ತದೆ. ಕೊನೆಗೆ ಕೈಹಿಡಿದದ್ದು ಕೇಕ್ ಸಾಮಾನಿನ ಅಂಗಡಿಯ ಬೇಕಿಂಗ್ ಪಾರ್ಚ್‌ಮೆಂಟ್. ಅದರಲ್ಲೂ ಎಲ್ಲ ರೋಲ್ ಒಂದೇ ಅಲ್ಲ. ಒಂದು ತುಂಡು ಕತ್ತರಿಸಿ ಒದ್ದೆ ಸ್ಪಂಜಿನ ಮೇಲಿಟ್ಟು ನೋಡಿ: ಮೊದಲು ಸುರುಳಿ ಸುತ್ತಿ, ಆಮೇಲೆ ಸಪಾಟಾಗಿ ಕೂತು, ಕಾಗದ ಸ್ವಲ್ಪ ಕಪ್ಪಾಗಿ ಕಂಡರೆ ನೀರು ಹಾಯುತ್ತಿದೆ ಅಂತ ಅರ್ಥ. ಹಾಕುವ ಮುಂಚೆ ಹತ್ತು ನಿಮಿಷ ಬಿಸಿನೀರಲ್ಲಿ ನೆನೆಸಿದರೆ ಗುಳ್ಳೆಯ ಕಾಟ ಇಲ್ಲ.

ಸ್ಪಂಜಿಗೆ ಪಾತ್ರೆ ಅಂಗಡಿಯ ಸೆಲ್ಯುಲೋಸ್ ಸ್ಪಂಜ್ ವೈಪ್, ಎರಡು ಪದರ. ಹೊಸದನ್ನು ನೀರು ತಿಳಿಯಾಗುವವರೆಗೆ ಹಿಂಡಿ ತೊಳೆಯಿರಿ, ಇಲ್ಲವಾದರೆ ಅದರ ಬಣ್ಣ ಬಿಡುತ್ತದೆ. ಬಿಸಿಲೂರು ಅಂತ ನೀರು ತುಂಬಿಸಿದರೆ ಬಣ್ಣ ತೆಳ್ಳಗಾಗಿ ಹರಿಯುತ್ತದೆ. ಬೆರಳಲ್ಲಿ ಒತ್ತಿದರೆ ನೀರು ಜಿನುಗಬೇಕು, ಬೆರಳೆತ್ತಿದರೆ ಮತ್ತೆ ಇಂಗಬೇಕು. ಬೋರ್‌ವೆಲ್ ನೀರು ಹಾಕಿದಾಗ ಕಾಗದದ ಅಂಚಿಗೆ ಬಿಳಿ ಉಪ್ಪು ಕೂತಿತು, ಫಿಲ್ಟರ್ ನೀರಿಗೆ ಬದಲಾಯಿಸಿದ ಮೇಲೆ ಇಲ್ಲ.

ನಡುವೆ ಇನ್ನೊಂದು ಹುಚ್ಚು. ಮಡಕೆ ನೀರು ತಂಪಾಗಿರುವುದಿಲ್ಲವೇ, ಹಾಗೆ ಅಂತ ಕುಂಬಾರರ ಹತ್ತಿರ ₹20ಕ್ಕೆ ಮಣ್ಣಿನ ತಟ್ಟೆ ತಂದು, ರಾತ್ರಿ ನೆನೆಸಿ, ಅದರ ಮೇಲೇ ಬಣ್ಣ ಬಿಟ್ಟೆ. ತಂಪೇನೋ ಇತ್ತು, ಆದರೆ ಬಣ್ಣ ಮಣ್ಣಿಗೆ ಇಳಿದು ಬ್ರಶ್‌ಗೆ ಬರಲಿಲ್ಲ. ಆ ತಟ್ಟೆ ವ್ಯರ್ಥವಾಗಲಿಲ್ಲ. ಈಗ ಮಧ್ಯಾಹ್ನದ ಹೊತ್ತು ಅದರಲ್ಲಿ ನೀರು ಹಾಕಿ ಡಬ್ಬಿಯನ್ನು ಮೇಲಿಡುತ್ತೇನೆ, ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನಾಲ್ಕೈದು ದಿನಕ್ಕೆ ಬೂಷ್ಟು, ವಾಸನೆ ಬರುತ್ತದೆ; ಅದನ್ನು ತಡೆಯಲು ಸ್ಪಂಜಿನಡಿ ತಾಮ್ರ ಇಡುವುದು ವಾಡಿಕೆ. ಮೋಟರ್ ವೈಂಡಿಂಗ್ ತಂತಿ ತರಬೇಡಿ, ಅದಕ್ಕೆ ಎನಾಮಲ್ ಲೇಪ ಇರುತ್ತದೆ. ಅರ್ಥಿಂಗ್‌ಗೆ ಬಳಸುವ ಬರಿ ತಾಮ್ರದ ತಂತಿ ಒಂದು ಗೇಣು ಸಾಕು. ನೀರಿಗೆ ನಾನು ಇನ್ನೂ ಒಂದು ವಸ್ತು ಎರಡು ಹನಿ ಸೇರಿಸುತ್ತೇನೆ. ಅದನ್ನು ಈಗಲೇ ಹೇಳುವುದಿಲ್ಲ, ಇನ್ನೊಂದು ಬೇಸಿಗೆ ಕಳೆಯಲಿ.

ಮೆಟಾಲಿಕ್ ಬಣ್ಣವನ್ನು ಇದರ ಮೇಲೆ ಬಿಡಬೇಡಿ. ಮಿನುಗಿನ ಕಣ ಒಮ್ಮೆ ಸ್ಪಂಜಿಗೆ ಇಳಿದರೆ ಮುಂದಿನ ಎಲ್ಲ ಬಣ್ಣದಲ್ಲೂ ಹೊಳೆಯುತ್ತದೆ. ಅದಕ್ಕೂ ವಾಶ್‌ಗೂ (ನೀರಿನಂತೆ ತೆಳ್ಳಗಿನ ಬಣ್ಣ) ಹಳೆಯ ಟೈಲ್ಸ್ ತುಂಡೇ ಸರಿ.