ತತ್ವಪದಕ್ಕೆ ತಕ್ಕ ಹಾಗೆ ರೀಪರ್ ಪರದೆ ಕಟ್ಟಿಕೊಂಡೆ

ಕಲಬುರಗಿಯಲ್ಲಿ ನನ್ನ ಸ್ಟುಡಿಯೋ ಅಂದ್ರೆ ಮನೆಯದೇ ಒಂದು ಕೋಣೆ. ನೆಲಕ್ಕೆ ಶಹಾಬಾದ್ ಕಲ್ಲು. ಅದು ದನಿಯನ್ನು ಹಾಗೇ ವಾಪಸ್ ಎಸೆಯುತ್ತದೆ, ಅದಕ್ಕೆ ಮೇಲೆ ದಪ್ಪ ಜಮಖಾನ ಹಾಸಿ, ಗೋಡೆಗೆ ಕೌದಿ ತೂಗುಹಾಕಿದ್ದೇನೆ. ಜೇವರ್ಗಿ, ಆಳಂದ, ಅಫಜಲಪುರ ಕಡೆಯಿಂದ ತತ್ವಪದ ಹಾಡುವವರು, ಭಜನಾ ಮೇಳದವರು ಬರುತ್ತಾರೆ. ಬೇರೆ ಕೆಲಸವನ್ನೂ ಮಾಡುತ್ತೇನೆ, ಆದರೆ ನನ್ನ ರೀಪರ್ ಪರದೆ ಇವತ್ತು ಹೇಗಿದೆಯೋ ಅದು ಹಾಗಾಗಿದ್ದು ಈ ಪದದವರಿಂದಲೇ.

ರೀಪರ್ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನಲ್ಲಿ ಹಾಡು ಕೇಳುವ ವಿನಾಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯ, ದನಿ ರೆಕಾರ್ಡ್ ಮಾಡಿ ಎಡಿಟ್, ಮಿಕ್ಸ್ ಮಾಡುವ ಸಾಫ್ಟ್‌ವೇರ್ ಇದು, ಮೊದಲ ಆವೃತ್ತಿ ಬಂದಿದ್ದು 2006ರಲ್ಲಿ. 60 ದಿನ ಪೂರ್ತಿ ಬಳಸಿ ನೋಡಬಹುದು, ಯಾವುದಕ್ಕೂ ಬೀಗ ಹಾಕಿರುವುದಿಲ್ಲ. ನಮ್ಮಂಥ ಸಣ್ಣವರಿಗೆ ಲೈಸೆನ್ಸ್ 60 ಡಾಲರ್. ನಾನು ಇದನ್ನು ಹಿಡಿದಿದ್ದು ಬೆಲೆಗಲ್ಲ. ಇದರಲ್ಲಿ ಬಟನ್, ಕೀ, ಮೆನು, ಮೌಸ್ ಎಳೆದರೆ ಏನಾಗಬೇಕು ಅನ್ನೋದು, ಎಲ್ಲವನ್ನೂ ನಮಗೆ ಬೇಕಾದ ಹಾಗೆ ಬದಲಾಯಿಸಬಹುದು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕ್ಯೂಬೇಸ್‌ನಲ್ಲೂ ಮ್ಯಾಕ್ರೋ (ಹಲವು ಆಜ್ಞೆ ಒಟ್ಟಿಗೆ ನಡೆಸುವುದು), ವರ್ಕ್‌ಸ್ಪೇಸ್ (ವಿಂಡೋಗಳ ಜೋಡಣೆ) ಇವೆ, ಚೆನ್ನಾಗಿವೆ. ಆದರೆ ಇಷ್ಟು ಆಳಕ್ಕೆ ಕೈ ಹಾಕಲು ಬಿಡುವುದು ರೀಪರ್ರೇ.

ಹೊಸ ಪ್ರಾಜೆಕ್ಟ್ ತೆರೆದರೆ ಮೊದಲು ಕಾಣುವುದು ಏನು? 120 ಬಿಪಿಎಂ ಅಂದ್ರೆ ನಿಮಿಷಕ್ಕೆ 120 ಬೀಟ್, ನಾಲ್ಕು ಮಾತ್ರೆಯ ಬಾರ್ (ಒಂದು ಆವರ್ತ), ಆ ಬೀಟ್‌ಗಳನ್ನು ತೋರಿಸುವ ಗ್ರಿಡ್ ಗೆರೆ ಪರದೆ ತುಂಬ, ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೋನೋಮ್. ಬೀಟ್ ಹಾಕಿ ಅದರ ಮೇಲೆ ಹಾಡು ಕಟ್ಟುವವರಿಗೆ ಇದು ಸರಿಯೇ. ತತ್ವಪದದವರು ಏಕತಾರಿ ಮೀಟುತ್ತ ನಿಧಾನಕ್ಕೆ ಶುರು ಮಾಡುತ್ತಾರೆ, ಹಿಮ್ಮೇಳ ಸೇರಿದ ಮೇಲೆ ಲಯ ಏರುತ್ತದೆ, ಕೊನೆಯ ನುಡಿಗೆ ಬರುವಷ್ಟರಲ್ಲಿ ದಮ್ಮಡಿ ಓಡುತ್ತಿರುತ್ತದೆ. ಹಾಡಿನ ಹಿಡಿತ ಹಾಡುವವರ ಕೈಯಲ್ಲಿರಬೇಕು, ಗ್ರಿಡ್ ಕೈಯಲ್ಲಿ ಅಲ್ಲ. ಒಮ್ಮೆ ಒಬ್ಬ ಹಿರಿಯರು ಪರದೆ ನೋಡಿ ಕೇಳಿದರು: "ತಮ್ಮಾ, ಅಲ್ಲಿ ಒಂದು ಗೆರಿ ಓಡ್ಲಕತ್ತದಲ್ಲ, ಅದರ ಸಂಗಾಟ ನಾ ಹಾಡಬೇಕೇನು?" "ಇಲ್ಲ ಮುತ್ಯಾ, ನೀವು ಹಾಡ್ರಿ. ಅದು ನಿಮ್ಮ ಹಿಂದ ಬರ್ತದ" ಅಂದೆ. ನನ್ನ ಸೆಟಪ್ಪೆಲ್ಲ ನಿಂತಿರೋದು ಆ ಮಾತಿನ ಮೇಲೆಯೇ.

ಹಾಗಾಗಿ ನಾನು ಶುರು ಮಾಡಿದ್ದು ತೆಗೆಯುವುದರಿಂದ. ಗ್ರಿಡ್ ತೆಗೆದೆ, ಎಳೆದದ್ದನ್ನೆಲ್ಲ ಗ್ರಿಡ್ ಗೆರೆಗೆ ಅಂಟಿಸುವ ಸ್ನ್ಯಾಪ್ ಅನ್ನು ಆಲ್ಟ್ ಎಸ್ ಒತ್ತಿ ತೆಗೆದೆ. ಮೇಲಿನ ರೂಲರ್‌ನಲ್ಲಿ ಬಾರ್ ಬೇಡ, ನಿಮಿಷ ಸೆಕೆಂಡು ಸಾಕು. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಬೇಸ್ ಅನ್ನು 'ಟೈಮ್' ಮಾಡಿದೆ, ಆಮೇಲೆ ಯಾರಾದರೂ ಬಿಪಿಎಂ ಮುಟ್ಟಿದರೂ ರೆಕಾರ್ಡಿಂಗ್ ಜಾಗ ಬಿಟ್ಟು ಸರಿಯುವುದಿಲ್ಲ. ಡಿಫಾಲ್ಟ್ ಥೀಮ್ ಜೊತೆ ಬರುವ ಥೀಮ್ ಅಡ್ಜಸ್ಟರ್‌ನಲ್ಲಿ ಟ್ರ್ಯಾಕ್ ಮೇಲಿನ ಬಟನ್‌ಗಳನ್ನು ಒಂದೊಂದಾಗಿ ಬಚ್ಚಿಡಬಹುದು. ಫೇಸ್, ಎನ್ವಲಪ್, ಎಫ್‌ಎಕ್ಸ್ ಬಟನ್ ಎಲ್ಲ ಹೋದವು. ಉಳಿದಿದ್ದು ಹೆಸರು, ಕೆಂಪು ರೆಕಾರ್ಡ್ ಬಟನ್, ಮೀಟರ್, ಮ್ಯೂಟ್, ಸೋಲೋ. ಟ್ರ್ಯಾಕ್ ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ: ಮುಮ್ಮೇಳ, ಏಕತಾರಿ-ದಮ್ಮಡಿ, ಪೇಟಿ, ಹಿಮ್ಮೇಳ. ನಾಲ್ಕೇ ಮೈಕು, ನಾಲ್ಕೇ ಟ್ರ್ಯಾಕು, ಒಂದೊಂದಕ್ಕೆ ಒಂದೊಂದು ಬಣ್ಣ. ಹಾಡುವವರು ಬಂದು ನೋಡಿದರೂ ತಮ್ಮದು ಯಾವುದು ಅಂತ ಅವರಿಗೇ ಗೊತ್ತಾಗುತ್ತದೆ, ಇದು ಸಣ್ಣ ವಿಷಯ ಅಲ್ಲ. ಇಷ್ಟನ್ನೂ ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಉಳಿಸಿದ್ದೇನೆ.

ಇನ್ನೊಂದು. ಇವರು ಯಾರೂ ಹೆಡ್‌ಫೋನ್ ಹಾಕುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡುತ್ತಾರೆ. ಅಂದ ಮೇಲೆ ಲೇಟೆನ್ಸಿ, ಅಂದ್ರೆ ಹಾಡಿದ್ದು ಕಂಪ್ಯೂಟರ್ ದಾಟಿ ಕಿವಿಗೆ ಬರುವ ತಡ, ಅದರ ಚಿಂತೆ ಯಾಕೆ? ಬಫರ್ (ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ಸ್ಯಾಂಪಲ್‌ಗಳು) 128 ಇಟ್ಟು ಲ್ಯಾಪ್‌ಟಾಪ್ ಒದ್ದಾಡಿಸುವ ಬದಲು 1024 ಇಟ್ಟಿದ್ದೇನೆ. 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 21 ಮಿಲಿಸೆಕೆಂಡು. ಯಾರಿಗೂ ತೊಂದರೆ ಇಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ರೆಕಾರ್ಡಿಂಗ್ ಅಂತ ಫ್ಯಾನ್ ಬೇರೆ ಆಫ್ ಮಾಡಿರುತ್ತೇವೆ. ಆ ಸೆಕೆಯಲ್ಲಿ ಮಷೀನಿಗೆ ಭಾರ ಕಡಿಮೆಯಾದಷ್ಟೂ ಒಳ್ಳೆಯದು.

ಈಗ ನನಗೆ ಬಹಳ ಇಷ್ಟವಾದ ಭಾಗ. ಹಾಡುವಾಗ ನಿಲ್ಲಿಸಬಾರದು. ಒಂದು ಸಾಲು ತಪ್ಪಿತು ಅಂತ ನಾನು ಸ್ಟಾಪ್ ಒತ್ತಿದರೆ ಮೇಳದ ಕಾವು ಆರಿಹೋಗುತ್ತದೆ, ಮತ್ತೆ ಆ ಏರಿಗೆ ಬರೋಕೆ ಅವರು ಮೊದಲಿಂದ ಹಾಡಬೇಕು. ರೆಕಾರ್ಡಿಂಗ್ ಓಡುತ್ತಲೇ ಇರಲಿ, ನಾನು ಗುರುತು ಹಾಕಿಕೊಂಡು ಹೋಗುತ್ತೇನೆ. ಇದಕ್ಕೆ ಒಂದು ಯುಎಸ್‌ಬಿ ನಂಬರ್ ಪ್ಯಾಡ್ ತಂದೆ, ಉದ್ದ ಕೇಬಲ್ ಹಾಕಿ ಜಮಖಾನದ ಮೇಲೆ ಮೇಳದವರ ಪಕ್ಕದಲ್ಲೇ ಕೂತುಕೊಳ್ಳುತ್ತೇನೆ. ಲ್ಯಾಪ್‌ಟಾಪ್ ಕೋಣೆಯ ಹೊರಗೆ. 1 ಒತ್ತಿದರೆ 'ಚಲೋ' ಅಂತ ಹಸಿರು ಮಾರ್ಕರ್, 2 ಒತ್ತಿದರೆ 'ಮತ್ತೆ' ಅಂತ ಕೆಂಪು, 3 ಒತ್ತಿದರೆ 'ನುಡಿ' ಅಂತ ಹಳದಿ.

ಮಾಡುವುದು ಕಷ್ಟವಲ್ಲ. ರೀಪರ್‌ನಲ್ಲಿ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟ್, ಅಂದ್ರೆ ಸಣ್ಣ ಪ್ರೋಗ್ರಾಂ, ನಡೆಯುತ್ತದೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿ, ರೀಪರ್‌ನ ಆಜ್ಞೆಗಳ ಪಟ್ಟಿಯಾದ ಆಕ್ಷನ್ ಲಿಸ್ಟ್ ಬರುತ್ತದೆ, ಅಲ್ಲಿಂದ ಹೊಸ ರೀಸ್ಕ್ರಿಪ್ಟ್ (ರೀಪರ್‌ನ ಸ್ಕ್ರಿಪ್ಟ್) ತೆರೆಯಿರಿ. ಎರಡೇ ಕೆಲಸ: ಗೆಟ್‌ಪ್ಲೇಪೊಸಿಷನ್ ಎಂಬ ಫಂಕ್ಷನ್‌ನಿಂದ ಈಗ ಎಲ್ಲಿದ್ದೇವೆ ಅಂತ ಕೇಳಿಕೊಳ್ಳುವುದು, ಆ್ಯಡ್‌ಪ್ರಾಜೆಕ್ಟ್‌ಮಾರ್ಕರ್2 ಎಂಬುದರಿಂದ ಆ ಜಾಗದಲ್ಲಿ ಹೆಸರು ಬಣ್ಣ ಸಮೇತ ಮಾರ್ಕರ್ ಇಡುವುದು. ಹೆಸರು ಬಣ್ಣ ಬದಲಿಸಿ ಮೂರು ಸಲ ಉಳಿಸಿ, ಮೂರು ಕೀಗೆ ಕೊಡಿ. ನಂಬರ್ ಪ್ಯಾಡಿನ 1 ಬೇರೆ, ಮೇಲಿನ ಸಾಲಿನ 1 ಬೇರೆ ಅಂತ ರೀಪರ್ ಗುರುತಿಸುತ್ತದೆ, ಗೊಂದಲ ಇಲ್ಲ. ನಮ್ ಲಾಕ್ ಮಾತ್ರ ಆನ್ ಇರಲಿ.

ಆಕ್ಷನ್ ಲಿಸ್ಟ್‌ನಲ್ಲಿ 'ಮೇನ್ ಆಲ್ಟ್ ರೆಕಾರ್ಡಿಂಗ್' ಅಂತ ಒಂದು ವಿಭಾಗ ಇದೆ, ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಅಲ್ಲಿ ಕೊಟ್ಟ ಕೀಗಳು ರೆಕಾರ್ಡಿಂಗ್ ನಡೆಯುವಾಗ ಮಾತ್ರ ಕೆಲಸ ಮಾಡುತ್ತವೆ. ನಾನು ಅಲ್ಲಿ ಸ್ಪೇಸ್‌ಬಾರ್‌ಗೆ 'ನೋ-ಆಪ್' ಕೊಟ್ಟಿದ್ದೇನೆ, ಅಂದ್ರೆ ಏನೂ ಮಾಡಬೇಡ ಅಂತ. ಲ್ಯಾಪ್‌ಟಾಪ್ ಮೇಲೆ ಯಾರದೋ ಕೈ ತಗುಲಿದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಎಂಬತ್ತರ ಹತ್ತಿರ ಇರುವ ಮುತ್ಯಾ ಒಂದು ಪದ ಪೂರ್ತಿ ಹಾಡಿದ್ದು ಒಂದು ಕೀಯಿಂದ ಹಾಳಾಗಬಾರದು ಅಲ್ವಾ.

ಎಡಿಟಿಂಗ್‌ಗೆ ಬರೋಣ. ನಾಲ್ಕು ಮೈಕೂ ಒಂದೇ ಕೋಣೆಯಲ್ಲಿ ಇರುವುದರಿಂದ ಒಬ್ಬರು ಕೆಮ್ಮಿದರೆ ನಾಲ್ಕರಲ್ಲೂ ಬರುತ್ತದೆ. ಮ್ಯೂಟ್ ಮಾಡಿದರೆ ಏಕತಾರಿಯ ನಾದ ತುಂಡಾಗಿ ಅಲ್ಲಿ ಗುಂಡಿ ಬಿದ್ದಂತೆ ಕೇಳುತ್ತದೆ. ಅದಕ್ಕೆ ಒಂದು ಕಸ್ಟಮ್ ಆಕ್ಷನ್, ಅಂದ್ರೆ ಹಲವು ಆಕ್ಷನ್ ಒಂದೇ ಕೀಗೆ ಸೇರಿಸಿ, ಕಟ್ಟಿದ್ದೇನೆ. ಕೆಮ್ಮು ಇರುವಷ್ಟು ಜಾಗ ಸೆಲೆಕ್ಟ್ ಮಾಡಿ ಕೀ ಒತ್ತಿದರೆ, ಆ ಜಾಗದಲ್ಲಿ ಎಲ್ಲ ಟ್ರ್ಯಾಕ್ ಸ್ಪ್ಲಿಟ್ ಆಗುತ್ತದೆ, ಆಮೇಲೆ 'ವಾಲ್ಯೂಮ್ 1 ಡಿಬಿ (ಡೆಸಿಬಲ್) ಇಳಿಸು' ಎಂಬ ಆಕ್ಷನ್ ಆರು ಸಲ ನಡೆಯುತ್ತದೆ. ಒಂದೇ ಆಕ್ಷನ್ ಅನ್ನು ಪಟ್ಟಿಯಲ್ಲಿ ಎಷ್ಟು ಸಲ ಬೇಕಾದರೂ ಎಳೆದು ಹಾಕಬಹುದು. 6 ಡಿಬಿ ಇಳಿದ ಕೆಮ್ಮು ಹಿಂದಕ್ಕೆ ಸರಿಯುತ್ತದೆ, ನಾದ ಉಳಿಯುತ್ತದೆ. ಕೆಮ್ಮು ಪೂರ್ತಿ ಹೋಗಲೇಬೇಕು ಅಂತ ನನಗೆ ಅನಿಸುವುದಿಲ್ಲ, ಎದುರಿಗೆ ಜನ ಕೂತು ಹಾಡುವ ಹಾಡು ಇದು.

ಮೌಸ್ ಎಳೆದರೆ ಏನಾಗಬೇಕು ಅಂತ ಹೇಳುವ ಮೌಸ್ ಮಾಡಿಫೈಯರ್ ಅನ್ನೂ ಬಿಡಬೇಡಿ. ಮಾಮೂಲಿಯಾಗಿ ಐಟಂ (ಟ್ರ್ಯಾಕಿನ ಮೇಲಿನ ರೆಕಾರ್ಡಿಂಗ್ ತುಂಡು) ಹಿಡಿದು ಎಳೆದರೆ ಅದು ಸರಿಯುತ್ತದೆ. ನಾಲ್ಕು ಮೈಕಿನಲ್ಲಿ ಒಂದು ಸ್ವಲ್ಪ ಸರಿದರೂ ದಮ್ಮಡಿ ಎರಡೆರಡು ಸಲ ಬಡಿದಂತೆ ಕೇಳುತ್ತದೆ. ನಾನು ಸುಮ್ನೆ ಎಳೆದರೆ ಟೈಮ್ ಸೆಲೆಕ್ಷನ್ ಆಗುವ ಹಾಗೆ ಬದಲಿಸಿದೆ, ಸರಿಸಬೇಕಾದರೆ ಆಲ್ಟ್ ಹಿಡಿಯಬೇಕು.

ವಿಂಡೋಗಳ ಜೋಡಣೆಯನ್ನು ಉಳಿಸಿ ಒಂದು ಕೀಯಿಂದ ವಾಪಸ್ ತರೋಕೆ ಸ್ಕ್ರೀನ್‌ಸೆಟ್ ಇದೆ. ಎಫ್7 ರೆಕಾರ್ಡಿಂಗ್, ದೊಡ್ಡ ಗಡಿಯಾರ ಮತ್ತು ಮೀಟರ್ ಅಷ್ಟೇ. ಎಫ್8 ಎಡಿಟಿಂಗ್, ಪಕ್ಕದಲ್ಲಿ ಮಾರ್ಕರ್ ಪಟ್ಟಿ. ಎಫ್9 ಮಿಕ್ಸಿಂಗ್. ಶಿಫ್ಟ್ ಹಿಡಿದು ಅದೇ ಕೀ ಒತ್ತಿದರೆ ಸೇವ್ ಆಗುತ್ತದೆ. ಚಿಕ್ಕ ಲ್ಯಾಪ್‌ಟಾಪ್ ಪರದೆ ಇದ್ದವರಿಗೆ ಇದು ಎರಡನೇ ಮಾನಿಟರ್ ಕೊಂಡಷ್ಟೇ ಉಪಯೋಗ.

ಕೊನೆಗೆ ಪ್ರತಿ ಪದಕ್ಕೂ ಒಂದು ರೀಜನ್ (ಶುರು, ಕೊನೆ ಗುರುತು ಹಾಕಿದ ಭಾಗ) ಮಾಡಿ, ಪದದ ಮೊದಲ ಸಾಲನ್ನೇ ಹೆಸರಾಗಿ ಕೊಡುತ್ತೇನೆ. ರೆಂಡರ್ ಮಾಡುವಾಗ, ಅಂದ್ರೆ ಕೊನೆಯ ಆಡಿಯೋ ಫೈಲ್ ತೆಗೆಯುವಾಗ, ಬೌಂಡ್ಸ್‌ನಲ್ಲಿ 'ಪ್ರಾಜೆಕ್ಟ್ ರೀಜನ್ಸ್' ಆರಿಸಿ, ಫೈಲ್ ಹೆಸರಿನ ಜಾಗದಲ್ಲಿ ಡಾಲರ್ ಚಿಹ್ನೆ ಹಾಕಿ ಇಂಗ್ಲಿಷಿನಲ್ಲಿ ರೀಜನ್ ಅಂತ ಬರೆದರೆ, ಎಲ್ಲ ಪದಗಳೂ ತಮ್ಮ ತಮ್ಮ ಹೆಸರಲ್ಲಿ ಬೇರೆ ಬೇರೆ ಫೈಲ್ ಆಗಿ ಬರುತ್ತವೆ. ಮೇಳದವರು ಚಹಾ ಕುಡಿದು ಏಳುವಷ್ಟರಲ್ಲಿ ಪೆನ್‌ಡ್ರೈವ್ ಅವರ ಕೈಯಲ್ಲಿ.

ಇಷ್ಟೆಲ್ಲ ಕಟ್ಟಿದ ಮೇಲೆ ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಎಕ್ಸ್‌ಪೋರ್ಟ್ ಕಾನ್ಫಿಗರೇಷನ್ ಒತ್ತಿ ಒಂದು ಪ್ರತಿ ಬೇರೆ ಕಡೆ ಇಡಿ. ಕೀ, ಮೆನು, ಥೀಮ್, ಸ್ಕ್ರಿಪ್ಟ್ ಯಾವುದು ಬೇಕೋ ಟಿಕ್ ಮಾಡಿದರೆ ಎಲ್ಲ ಒಂದೇ ಫೈಲಿನಲ್ಲಿ ಬರುತ್ತದೆ. ಬೀದರ್‌ನಲ್ಲಿ ಗೆಳೆಯರೊಬ್ಬರು ನನ್ನ ಫೈಲನ್ನೇ ಹಾಕಿಕೊಂಡು, ಗ್ರಿಡ್ ಮಾತ್ರ ವಾಪಸ್ ತಂದಿದ್ದಾರೆ. ಅವರದು ಮದುವೆ ಬ್ಯಾಂಡಿನ ಕೆಲಸ, ಅವರಿಗೆ ಅದು ಬೇಕೇ ಬೇಕು.